ಹಂಡೆಯವರು

ಅವರನ್ನು ಸುಟ್ಟು ಬಂದ ಮೂರನೆಯ ದಿನ ಅವರ ತಮ್ಮ ಘಟ್ಟದ ಕೆಳಗಿನಿಂದ ಬಸ್ಸಿನಲ್ಲಿ ಬಂದ. ನಾನು ಕೊಟ್ಟ ತಂತಿ ತಲುಪಿದ್ದೇ ತಡವಾಗಿತ್ತಂತೆ. ಬಣಕಲ್ಲಿನ ರಸ್ತೆ ಬದಿಯಲ್ಲಿ ಅಣ್ಣ ನಡೆಸುತ್ತಿದ್ದ ಪಂಪು ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಗೋಡೆಯ ಮೊಳೆಗಳಿಗೆ ಸಿಕ್ಕಿಸಿದ್ದ ಚರ್ಮದ ತುಂಡುಗಳನ್ನು ನೋಡುತ್ತಿದ್ದ. ಹನ್ನೆರಡು ವರ್ಷ ಅಣ್ಣನ ಮುಖ ನೋಡದೆ ಇದ್ದವನು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

“ಕೊನೆ ಕೊನೆಗಾದರೂ ಕುಡಿಯುವುದು ಬಿಟ್ಟಿದ್ದನಾ ರೈಟ್ರೇ, ಅಣ್ಣ?”

“ಬಿಟ್ಟಿದ್ದರು,” ಎಂದೆ.

“ಅಷ್ಟಾದರೂ ಆಯಿತಲ್ಲ,” ಎಂದು ಅವನು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದ.

ಬಿಡುವುದಕ್ಕೆ ಅವರು ಕುಡಿದೇ ಇರಲಿಲ್ಲ. ನನಗೆ ಗೊತ್ತಿದ್ದಷ್ಟು ಕಾಲ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಬಣಕಲ್ಲಿನ ಹೋಟೆಲಿನಲ್ಲಿ ಈಗಲೂ “ಕೈ ಒಳ್ಳೇದಿತ್ತು ಮಾರಾಯ, ಕುಡಿತ ಹಾಳು ಮಾಡ್ತು” ಎಂದೇ ಅವರ ವಿಷಯ ಮಾತಾಡುತ್ತಾರೆ. ಅದು ಸುಳ್ಳೆಂದು ಆಣೆ ಇಟ್ಟು ಹೇಳಬಲ್ಲವನು ಉಳಿದಿರುವುದು ನಾನೊಬ್ಬ. ಆ ತಮ್ಮ ಎದುರಿಗೆ ನಿಂತಿದ್ದಾಗ ಒಂದು ಮಾತು ಸಾಕಿತ್ತು. ಬಾಯಿಗೆ ಬರಲಿಲ್ಲ. ಕೈಗಾದರೂ ಬಂದೀತೆಂದು ಬರೆಯಲು ಕೂತಿದ್ದೇನೆ. ನಾನು ಲೋವರ್ ಸೆಕೆಂಡರಿ ಓದಿ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆದವನು. ಚೆಂದಕ್ಕೆ ಬರೆದು ಗೊತ್ತಿಲ್ಲ. ಒಮ್ಮೆ ಮಾತ್ರ ಚೆಂದಕ್ಕೆ ಬರೆದಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ನಾನು ಅವರನ್ನು ಮೊದಲು ನೋಡಿದ್ದು ಕಳಸದಿಂದ ಹೊರನಾಡಿನ ಕಡೆಗೆ ಹೋಗುವಲ್ಲಿ, ಭದ್ರೆಯ ದಂಡೆಯಲ್ಲಿ. ನಮ್ಮ ಎಸ್ಟೇಟಿನ ಗಾಡಿಗಳು ಹೊಳೆ ದಾಟಲು ನಮ್ಮ ಬಿಳಿಯ ದೊರೆ ಸ್ವಂತ ಸೇತುವೆ ಕಟ್ಟಿಸುತ್ತಿದ್ದರು. ನಡುವಿನ ಕಂಬದ ಬುಡವನ್ನು ಹಿಂದಿನ ಮಳೆಗಾಲದ ನೀರು ಕೊರೆದುಹಾಕಿತ್ತು. ಅಲ್ಲಿ ನಾಲ್ಕಾಳು ಆಳದ ಮಡು; ಬೇಸಿಗೆಯಲ್ಲೂ ಬತ್ತುವುದಿಲ್ಲ. ಆ ಬುಡಕ್ಕೆ ಕಲ್ಲು ಮತ್ತು ಸಿಮೆಂಟಿನ ಚೀಲ ಜೋಡಿಸಲು ಕರಾವಳಿಯ ಕಂಟ್ರಾಕ್ಟರು ಇವರನ್ನು ಕಳಿಸಿದ್ದರು. ನೀರಿನಡಿ ನಿಂತು ಕೆಲಸ ಮಾಡುವ ಮನುಷ್ಯ ಬರುತ್ತಾನೆಂದು ಕೂಲಿ ಲೈನಿನ ಜನವೆಲ್ಲ ಕಾಯುತ್ತಿದ್ದರು. ಗಾಡಿಯಿಂದ ಇಳಿದದ್ದು ನಲವತ್ತರ ಸುಮಾರಿನ ಸಣಕಲು ಮೈಯವರು. ಹಿಂದೆ ಒಬ್ಬ ತಮ್ಮ. ಎರಡು ದೊಡ್ಡ ಪೆಟ್ಟಿಗೆ.

ಮೊದಲ ಪೆಟ್ಟಿಗೆಯಿಂದ ಹೊರಬಿದ್ದದ್ದು ಮೂರು ಗಾಜಿನ ಕಿಟಕಿಗಳಿದ್ದ ತಾಮ್ರದ ಒಂದು ದೊಡ್ಡ ಗುಂಡು.

“ಅಯ್ಯೋ, ನಮ್ಮ ಬಚ್ಚಲು ಹಂಡೆ!” ಎಂದಳು ಮರಳು ಹೊರುತ್ತಿದ್ದ ಒಬ್ಬ ಮುದುಕಿ.

“ಹೌದು ಅಜ್ಜೀ,” ಎಂದರು ಇವರು, “ಸ್ನಾನಕ್ಕೇ ಹೋಗುವುದು ನಾನು. ನೀರು ಮಾತ್ರ ಹೊರಗೆ, ನಾನು ಒಳಗೆ.”

ಅಂದಿನಿಂದ ಅವರು ಹಂಡೆಯವರು. ನಿಜವಾದ ಹೆಸರು ನನಗೆ ಗೊತ್ತಿದೆ. ಆ ಹೆಸರನ್ನು ನಾನು ಕಾಗದದ ಮೇಲೆ ಒಂದು ಸಲ ಬರೆದಿದ್ದೇನೆ. ಇನ್ನೊಂದು ಸಲ ಬರೆಯುವ ಹಕ್ಕು ನನಗಿಲ್ಲ.

ನೀರಿಗೆ ಇಳಿಯುವ ಉಡುಪನ್ನು ತೊಡಲು ಅರ್ಧ ಗಂಟೆ ಹಿಡಿಯುತ್ತಿತ್ತು. ಕುತ್ತಿಗೆಯಿಂದ ಪಾದದವರೆಗೆ ರಬ್ಬರು ಹಾಕಿದ ದಪ್ಪ ಬಟ್ಟೆಯ ಒಂದೇ ಅಂಗಿ. ಕಾಲಿಗೆ ಸೀಸದ ತಳವಿದ್ದ ಬೂಟು, ಎದೆಗೆ ಬೆನ್ನಿಗೆ ಸೀಸದ ತುಂಡು. ಕೊನೆಗೆ ಹಂಡೆಯನ್ನು ತಲೆಯ ಮೇಲಿಂದ ಹೆಗಲಿಗಿಳಿಸಿ ತಿರುಗಿಸಿ ಬಿಗಿಯುವುದು. ಹಂಡೆಯ ಬೆನ್ನಿಗೆ ಒಂದು ರಬ್ಬರು ಕೊಳವೆ. ಅದರ ಇನ್ನೊಂದು ತುದಿ ತೆಪ್ಪದ ಮೇಲಿದ್ದ ಗಾಳಿ ಪಂಪಿಗೆ. ಎರಡು ಬದಿ ಹಿಡಿಕೆ, ಬದಿಗಿಬ್ಬರಂತೆ ನಾಲ್ಕು ಜನ ತಿರುಗಿಸುತ್ತಲೇ ಇರಬೇಕು. ಅವರು ತಿರುಗಿಸಿದ್ದನ್ನೇ ಇವರು ಕೆಳಗೆ ಉಸಿರಾಡಬೇಕು. ಬಳಸಿದ ಗಾಳಿ ಹೋಗಲು ಹಂಡೆಯ ಒಳಗೆ ಬಲಗಡೆ ಒಂದು ಗುಂಡಿ. ತಲೆಯನ್ನು ಬಲಕ್ಕೆ ಒತ್ತಿದರೆ ಗಾಳಿ ಹೊರಟು ಗುಳ್ಳೆಯಾಗಿ ಮೇಲೆ ಬರುತ್ತದೆ. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಅವರಿಗೆ ದಡದ ಮೇಲೂ ಅದೇ ಅಭ್ಯಾಸ. ಯಾರಾದರೂ ಉದ್ದಕ್ಕೆ ಮಾತಾಡಿ ಬೇಸರ ತಂದರೆ ತಲೆಯನ್ನು ಒಮ್ಮೆ ಬಲಕ್ಕೆ ಒತ್ತುತ್ತಿದ್ದರು. ಆಳುಗಳ ಮೇಸ್ತ್ರಿ ಮಾತಾಡುವಾಗ ಐದಾರು ಸಲ ಒತ್ತುತ್ತಿದ್ದರು.

ಪಂಪಿನ ಹತ್ತಿರ ಬೀಡಿ ಸೇದಲು ಬಿಡುತ್ತಿರಲಿಲ್ಲ. “ನೀವು ಮೇಲೆ ಸೇದುವುದು, ನಾನು ಕೆಳಗೆ ಕೆಮ್ಮುವುದು. ಅದು ಎಂತ ನ್ಯಾಯ ಮಾರಾಯ್ರೆ?” ಎನ್ನುತ್ತಿದ್ದರು. ಮೇಲಿನ ವಾಸನೆಯೆಲ್ಲ ಅವರಿಗೆ ಕೆಳಗೆ ತಿಳಿಯುತ್ತಿತ್ತು. ದಂಡೆಯಲ್ಲಿ ಯಾರೋ ಒಣಮೀನು ಸುಟ್ಟರೆ ಮೇಲೆ ಬಂದು, “ನನಗೆ ಇಟ್ಟಿದ್ದೀರಾ?” ಎನ್ನುವರು. ಒಂದು ದಿನ ಮೇಲೆ ಬಂದು ಹಂಡೆ ಬಿಚ್ಚಿಸಿಕೊಂಡವರು ಗುಡ್ಡದ ಕಡೆ ನೋಡುತ್ತ ಕೂತರು. ಹಿಂದಿನ ವಾರ ಮಳೆ ಬಿದ್ದು, ಅಂದು ಕಾಫಿ ಹೂ ಬಿಟ್ಟಿತ್ತು. ಗುಡ್ಡವೆಲ್ಲ ಬೆಳ್ಳಗೆ.

“ಇದಾ?” ಎಂದರು. “ಕೆಳಗೆ ಕಲ್ಲು ಹೊರುತ್ತಿದ್ದೇನೆ, ಸುತ್ತ ಕಪ್ಪು ನೀರು, ಮೂಗಿಗೆ ಮಲ್ಲಿಗೆಯ ಹಾಗೆ ಬರುತ್ತಾ ಉಂಟು. ಸತ್ತೆನೋ ಎಂದು ಗ್ರಹಿಸಿದೆ.”

ಅಷ್ಟು ಜನ ನಕ್ಕದ್ದು ಆ ದಂಡೆಯಲ್ಲಿ ಮತ್ತೆ ನೋಡಲಿಲ್ಲ.

ಹೊಳೆಯ ತಳದಲ್ಲಿ ಏನೇನು ಕಾಣುತ್ತದೆಂದು ಎಲ್ಲರಿಗೂ ಕುತೂಹಲ. ದೇವರು, ನಿಧಿ, ಮನುಷ್ಯನಷ್ಟು ದೊಡ್ಡ ಮೀನು. “ಎಂತದೂ ಇಲ್ಲ, ಕಲ್ಲು,” ಎನ್ನುತ್ತಿದ್ದರು. ಮಾರನೆಯ ದಿನ ಮೇಸ್ತ್ರಿಯ ಕಳೆದುಹೋದ ಕೊಡಲಿಯನ್ನು ಎತ್ತಿಕೊಂಡು ಬಂದು, “ನಿಮ್ಮ ನಿಧಿ,” ಎಂದು ಅವನ ಕೈಗೆ ಕೊಟ್ಟರು. ಆ ಕೊಡಲಿ ಕದ್ದನೆಂದು ಒಬ್ಬ ಆಳಿಗೆ ಆಗಲೇ ಏಟು ಬಿದ್ದಿತ್ತು. ಅದು ತಿಳಿದ ಕೂಡಲೇ ಹಂಡೆಯವರು ನಡೆದುಹೋಗಿ ಆ ಆಳಿನ ಲೈನಿನ ಮುಂದೆ ನಿಂತು, “ಕೊಡಲಿ ಹೊಳೆಯಲ್ಲಿತ್ತು, ನಾನೇ ತೆಗೆದದ್ದು,” ಎಂದು ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿ ಬಂದರು. ನಾನು ಜೊತೆಗಿದ್ದೆ. ಅಂಥ ಒಂದು ಮಾತಿನ ಬೆಲೆ ಅವರಿಗೆ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ನೀರಿನಡಿಯಲ್ಲಿರುವವರಿಗೂ ಮೇಲಿನವರಿಗೂ ನಡುವೆ ಮಾತೆಲ್ಲ ಒಂದು ಹಗ್ಗದ ಮೂಲಕ. ಒಂದು ಜಗ್ಗು ಎಂದರೆ ಸರಿ ಇದ್ದೇನೆ. ಎರಡು ಎಂದರೆ ಗಾಳಿ ಜಾಸ್ತಿ ಮಾಡಿ. ನಾಲ್ಕು ಎಂದರೆ ಕೂಡಲೇ ಮೇಲೆ ಎಳೆಯಿರಿ. ಆ ಹಗ್ಗ ಹಿಡಿಯುತ್ತಿದ್ದವನು ತಮ್ಮ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ. ಆದರೆ ಮೂರನೆಯ ವಾರ ತಮ್ಮನಿಗೆ ಮಲೆನಾಡಿನ ಚಳಿಜ್ವರ ಬಂತು. ಹಲ್ಲು ಕಡಿಯುತ್ತ ಮಲಗಿದವನನ್ನು ಗಾಡಿಯಲ್ಲಿ ಹಾಕಿ ಘಟ್ಟ ಇಳಿಸಿದರು. ಹೋಗುವಾಗ ಅವನು ಅಣ್ಣನಿಗೆ ಹೇಳಿದ್ದು ಒಂದೇ ಮಾತು: “ನಾನು ಬರುವವರೆಗೆ ಇಳಿಯಬೇಡ.”

ಆದರೆ ದೊರೆ ಕಾಯುವವರಲ್ಲ. ಮಳೆಗಾಲ ಬರುವುದರೊಳಗೆ ಕಂಬದ ಬುಡ ಮುಗಿಯಬೇಕೆಂದು ಅಪ್ಪಣೆಯಾಯಿತು.

ಹಂಡೆಯವರು ದಂಡೆಯಲ್ಲಿದ್ದವರ ಕೈಗಳನ್ನೆಲ್ಲ ನೋಡಿದರು. ನನ್ನ ಅಂಗೈ ಹಿಡಿದು ಹೆಬ್ಬೆರಳಿನಿಂದ ಒತ್ತಿದರು.

“ನಿಮ್ಮ ಕೈ ಮೆತ್ತಗೆ ಉಂಟು ರೈಟ್ರೇ. ಹಗ್ಗದ ಮಾತು ಕೇಳುತ್ತದೆ. ನೀವು ಹಿಡಿಯಿರಿ.”

ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದು ಬೇಡ.

ಅವರು ನನಗೂ ಪಂಪಿನ ನಾಲ್ವರಿಗೂ ಎರಡು ದಿನ ಕಲಿಸಿದರು. ಕೊಳವೆ ಹಂಡೆಗೆ ಸೇರುವಲ್ಲಿ ಒಂದು ಚರ್ಮದ ಬಿಲ್ಲೆ ಇತ್ತು. ಗಾಳಿ ಒಳಗೆ ಬರಬಹುದು, ಹಿಂದೆ ಹೋಗಬಾರದು; ಅದಕ್ಕೆ ಆ ಬಿಲ್ಲೆ. ಅದು ಒಣಗಿ ಸೀಳು ಬಿಟ್ಟಿತ್ತು. ಪಂಪಿನ ಒಳಗಿನ ಬಿಲ್ಲೆಗಳೂ ಸವೆದಿದ್ದವು. ಹೊಸದಕ್ಕೆ ಕಂಟ್ರಾಕ್ಟರಿಗೆ ಎರಡು ಸಲ ಬರೆಸಿದ್ದರು, ಬಂದಿರಲಿಲ್ಲ. “ಬಿಲ್ಲೆ ಸರಿ ಇದ್ದರೆ ನೀವು ನಿಲ್ಲಿಸಿದರೂ ನನಗೆ ಸ್ವಲ್ಪ ಹೊತ್ತು ಉಂಟು,” ಎಂದರು. “ಇದು ಹೀಗಿರುವಾಗ ನೀವು ನಿಲ್ಲಿಸಿದರೆ ನನ್ನ ಗಾಳಿ ನಿಮ್ಮ ಹತ್ತಿರ ವಾಪಸ್ಸು ಬರುತ್ತದೆ. ಹೊಳೆ ನನ್ನನ್ನು ಹಿಂಡುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ.”

ಆಮೇಲೆ ನಮ್ಮ ಐದು ಜನರ ಮುಖವನ್ನೂ ಒಂದೊಂದಾಗಿ ನೋಡಿ ಹೇಳಿದರು: “ನಾನು ಮೇಲೆ ಬರುವವರೆಗೆ ನೀವು ಯಾರ ಆಳೂ ಅಲ್ಲ. ಆಯ್ತಾ?”

“ಹಂಗಾದ್ರೆ ಮಧ್ಯಾಹ್ನದ ಊಟ ಯಾರ ಮನೇಲಿ ಮಾರಾಯ್ರೆ?” ಎಂದು ಮೇಸ್ತ್ರಿ ನಗಾಡಿದ. ಪಂಪಿನವರೂ ನಕ್ಕರು. ನಾನೂ ನಕ್ಕೆ. ಅವರು ತಲೆಯನ್ನು ಬಲಕ್ಕೆ ಒತ್ತಿದರು.

ನಮ್ಮ ಎಸ್ಟೇಟಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ದೊರೆ ಕಣ್ಣಿಗೆ ಬಿದ್ದ ಕೂಡಲೇ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ತಲೆಯ ಬಟ್ಟೆ ತೆಗೆದು, ಕೈ ಮುಗಿದು ನಿಲ್ಲಬೇಕು. ಅವರು ದಾಟಿ ಹೋಗಬೇಕು, ಇಲ್ಲವೇ “ಹೂಂ, ಕೆಲಸ” ಎನ್ನಬೇಕು, ಅಲ್ಲಿಯವರೆಗೆ ಅಲುಗುವಂತಿಲ್ಲ. ಒಮ್ಮೆ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೊತ್ತಿದ್ದ ಒಬ್ಬ, ಮೂಟೆ ಇಳಿಸಿದರೆ ಮತ್ತೆ ಎತ್ತಿಕೊಡುವವರಿಲ್ಲವೆಂದು, ಹೊತ್ತೇ ನಿಂತ. ಅಂದೇ ಸಂಜೆ ಅವನನ್ನೂ ಅವನ ಹೆಂಡತಿಯನ್ನೂ ಲೈನಿನಿಂದ ಹೊರಗೆ ಹಾಕಿದರು. ಆ ಮೇಲೆ ಮರ ಕಡಿಯುವವರು ಅರ್ಧ ಕಡಿದ ಮರದ ಬುಡದಲ್ಲಿ ನಿಂತೂ ಸಲಾಂ ಮಾಡುತ್ತಿದ್ದರು. ಘಟ್ಟದ ಮೇಲಿಂದಲೋ ಕೆಳಗಿಂದಲೋ ಹೊಸ ಆಳುಗಳು ಬಂದರೆ ಅವರನ್ನು ಸಾಲಾಗಿ ನಿಲ್ಲಿಸಿ ಈ ಸಲಾಂ ಕಲಿಸುವ ಕೆಲಸ ರೈಟರನದು. ಅಂದರೆ ನನ್ನದು. ಪಂಪಿನ ನಾಲ್ವರಿಗೂ ಅದನ್ನು ಕಲಿಸಿದವನು ನಾನೇ.

ಅಲ್ಲಿಯವರೆಗೆ ದೊರೆ ಹೊಳೆಯ ಕಡೆ ಬಂದದ್ದೆಲ್ಲ ಸಂಜೆ, ಹಂಡೆಯವರು ಮೇಲೆ ಬಂದಾದ ನಂತರ.

ಇಳಿಯುವ ದಿನ ಅವರು ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ. ನನ್ನ ಹೆಂಡತಿ ಉಪ್ಪು ಹಾಕಿ ಕೊಡುತ್ತಿದ್ದ ಗಂಜಿತಿಳಿ ಒಂದು ಲೋಟ, ಅಷ್ಟೇ. ಮನೆಯಿಂದ ನಾನೇ ಒಯ್ಯುತ್ತಿದ್ದೆ. ನಾನು ಹಗ್ಗ ಹಿಡಿದ ಆ ದಿನವೂ ಒಯ್ದೆ. ಅವರು ಇಳಿದರು. ಒಂದು ಜಗ್ಗು ಬಂತು: ಸರಿ ಇದ್ದೇನೆ. ನಾನೂ ಒಂದು ಜಗ್ಗು ಕೊಟ್ಟೆ. ಹಗ್ಗದಲ್ಲಿ ಅವರ ನಡಿಗೆ ಕೂಡ ನನಗೆ ತಿಳಿಯುತ್ತಿತ್ತು. ಕಲ್ಲಿನ ಚೀಲ ಇಳಿಸಿದರು, ತಿರುಗಿದರು, ಮತ್ತೆ ಬಂದರು. ಇನ್ನೊಬ್ಬರ ಜೀವ ನನ್ನ ಅಂಗೈಯಲ್ಲಿ ನಡೆದಾಡುತ್ತಿತ್ತು.

ಹೊತ್ತು ಏರಿದ ಮೇಲೆ ದಂಡೆಯ ಮೇಲಿಂದ ಮೇಸ್ತ್ರಿ ಕೂಗಿದ: “ದೊರೆ ಬಂದ್ರು!”

ಕುದುರೆಯ ಮೇಲೆ ದೊರೆ, ಇನ್ನೊಂದು ಕುದುರೆಯಲ್ಲಿ ಅವರ ಅತಿಥಿ ದೊರೆಸಾನಿ. ಮುಳುಗುವವನನ್ನು ತೋರಿಸಲು ಕರೆತಂದಿದ್ದರು. ಪಂಪಿನ ನಾಲ್ವರೂ ಹಿಡಿಕೆ ಬಿಟ್ಟರು. ತಲೆಬಟ್ಟೆ ತೆಗೆದು, ತೆಪ್ಪದ ಮೇಲೆ ಸಾಲಾಗಿ, ಕೈ ಮುಗಿದು ನಿಂತರು. ನಾನು ಕಲಿಸಿದ ಹಾಗೆಯೇ.

ಮತ್ತೆ ನಾನು? ಅವರಿಗೆ “ತಿರುಗಿಸಿರೋ” ಎನ್ನಬೇಕಾಗಿದ್ದವನು ನಾನು. ನಾನೂ ಎದ್ದೆ. ಟೋಪಿ ತೆಗೆಯಲು ಕೈ ಬೇಕಿತ್ತು. ಹಗ್ಗವನ್ನು ಹಲಗೆಗೆ ಹಾಕಿ ಕಾಲಿನಿಂದ ಮೆಟ್ಟಿಕೊಂಡೆ.

“ಎಲ್ಲಿ ಅವನು?” ಎಂದು ದೊರೆ ಇಂಗ್ಲಿಷಿನಲ್ಲಿ ಕೇಳಿದರು. ನಾನು ಇಂಗ್ಲಿಷಿನಲ್ಲೇ ನೀರಿನ ಕೆಳಗೆ ಎಂದು ಉತ್ತರ ಕೊಟ್ಟೆ. ಒಂದೂ ತಪ್ಪಿಲ್ಲದೆ. ದೊರೆಸಾನಿ ನಕ್ಕು ಏನೋ ಕೇಳಿದರು. ದೊರೆ ಪಂಪಿನ ಕಡೆ ಬೆತ್ತ ತೋರಿಸಿ, ಹೇಗೆ ಇಲ್ಲಿಂದ ಗಾಳಿ ಹೋಗುತ್ತದೆ, ಹೇಗೆ ಕೆಳಗಿನವನು ಅದನ್ನು ಉಸಿರಾಡುತ್ತಾನೆ ಎಂದು ಅವರಿಗೆ ಬಿಡಿಸಿ ಹೇಳತೊಡಗಿದರು. ನಿಂತ ಪಂಪನ್ನು ತೋರಿಸಿಯೇ ಹೇಳಿದರು.

ಆಗ ನನ್ನ ಪಾದದ ಕೆಳಗೆ ಹಗ್ಗ ಎರಡು ಸಲ ಜಗ್ಗಿತು.

ಸ್ವಲ್ಪ ತಡೆದು, ನಾಲ್ಕು ಸಲ.

ನನಗೆ ಗೊತ್ತಾಗಲಿಲ್ಲವೆಂದು ಹೇಳಲಾರೆ. ಒಂದೊಂದನ್ನೂ ಎಣಿಸಿದೆ. ದೊರೆ ಮಾತಾಡುತ್ತಿದ್ದರು. ಅವರು ಮಾತಾಡುವಾಗ ಬಗ್ಗಬಾರದು. ಮಾತು ಇನ್ನೇನು ಮುಗಿಯುತ್ತದೆ ಎಂದುಕೊಂಡೆ. ಎಷ್ಟು ಹೊತ್ತಾಯಿತೆಂದು ಯಾರು ಕೇಳಿದರೂ ನಾನು ಹೇಳಲಾರೆ. ನನ್ನ ಗಡಿಯಾರ ಅಂಗಿಯ ಜೇಬಿನಲ್ಲಿತ್ತು, ಕೈಗಳು ಮುಗಿದುಕೊಂಡಿದ್ದವು.

ಕೂಗಿದವಳು ಮರಳು ಹೊರುವ ಆ ಮುದುಕಿ.

“ನಿಮ್ಮ ಸಲಾಮಿಗಿಷ್ಟು ಬೆಂಕಿ ಹಾಕ! ಗುಳ್ಳೆ ನಿಂತೋಗ್ಯದೆ, ಕಣ್ಣು ಕಾಣಾಕಿಲ್ವೇನ್ರೋ!”

ಎಳೆದೆವು. ಹಂಡೆ ಬಿಚ್ಚಿದಾಗ ಮುಖ ನೇರಳೆ ಹಣ್ಣಿನ ಹಾಗೆ ಊದಿತ್ತು. ಮೂಗಿನಿಂದಲೂ ಎರಡೂ ಕಿವಿಯಿಂದಲೂ ರಕ್ತ ಬರುತ್ತಿತ್ತು. ಉಸಿರಿತ್ತು. ದೊರೆಸಾನಿ ಮುಖ ತಿರುಗಿಸಿದರು. ಇಂಥದ್ದು ಹೆಂಗಸರು ನೋಡುವಂಥದ್ದಲ್ಲವೆಂದು ದೊರೆ ಕುದುರೆ ತಿರುಗಿಸಿಕೊಂಡು ಹೋದರು. ಹೋಗುವಾಗ, ಅಭ್ಯಾಸಬಲದಿಂದ ಇರಬೇಕು, “ಹೂಂ, ಕೆಲಸ,” ಎಂದರು. ಆಗ ಪಂಪಿನವರಲ್ಲಿ ಇಬ್ಬರು ಹೋಗಿ ಹಿಡಿಕೆ ತಿರುಗಿಸತೊಡಗಿದರು. ಕೊಳವೆಯ ಬಾಯಿ ತೆಪ್ಪದ ಹಲಗೆಯ ಮೇಲೆ ಬಿದ್ದಿತ್ತು. ಯಾರ ಮೂಗಿಗೂ ಇಲ್ಲದ ಗಾಳಿ ಅದರಿಂದ ಬುಸಬುಸ ಬಂತು.

ಕಳಸದ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದರು. ಬದುಕಿದರು. ಬಲಗಿವಿ ಪೂರಾ ಹೋಯಿತು, ಎಡಗಿವಿ ಅರ್ಧ. ಎದೆ ಮತ್ತೆ ಮೊದಲಿನಂತಾಗಲಿಲ್ಲ. ಕಂಟ್ರಾಕ್ಟರ ಆಫೀಸಿನಿಂದ, ಏನಾಯಿತೆಂದು ಬರೆದು ಕಳಿಸಿ ಎಂದು ಕಾಗದ ಬಂತು. ಹೆಡ್ ರೈಟರು ನನ್ನನ್ನು ಕರೆದರು.

“ನೀನೇ ಅಲ್ವಾ ಹಗ್ಗ ಹಿಡಿದಿದ್ದು? ನೀನೇ ಬರಿ.”

“ಏನಂತ ಬರೀಲಿ ಸ್ವಾಮಿ? ಪಂಪು ನಿಂತಿತ್ತು ಅಂತ...”

“ಯಾಕೆ ನಿಂತಿತ್ತು ಅಂತ ಕೇಳ್ತಾರೆ. ದೊರೆ ಬಂದಿದ್ರು ಅಂತ ಬರೀತೀಯಾ?”

ಹೆಡ್ ರೈಟರು ಪೆನ್ನನ್ನು ನನ್ನ ಕಡೆ ಸರಿಸಿದರು.

“ಬರೀತೀಯಾ ಹೇಳು. ಪೆನ್ನು ಇಲ್ಲೇ ಇದೆ.”

“ಹಂಗಾದ್ರೆ?”

“ಎಂಥ ಹಂಗಾದ್ರೆ? ಘಟ್ಟದ ಕೆಳಗಿನವ. ಬೆಳಿಗ್ಗೆ ಹೆಂಡ ಕುಡಿದಿದ್ದ, ಕುಡಿದೇ ಇಳಿದ ಅಂತ ಬರಿ. ಇಲ್ಲ ಅನ್ನೋಕೆ ಅವನಿಗೆ ಇಂಗ್ಲಿಷು ಬರ್ತದಾ?”

ನಾನು ಬರೆದೆ. ಒಂದು ಕರಡು ಬರೆದು, ತಪ್ಪು ತಿದ್ದಿ, ಇನ್ನೊಂದು ಪ್ರತಿ ಮಾಡಿದೆ. ಚೆಂದಕ್ಕೆ ಬರೆದೆ ಎಂದೆನಲ್ಲ, ಇದೇ ಅದು. ಅಕ್ಷರ ಗುಂಡಾಗಿದೆಯೆಂದು ದೊರೆ ಹೊಗಳಿದರೆಂದು ಆಮೇಲೆ ತಿಳಿಯಿತು. ಆ ಮಳೆಗಾಲಕ್ಕೆ ನನಗೆ ಹೆಂಚಿನ ಕ್ವಾರ್ಟರ್ಸ್ ಕೊಟ್ಟರು.

ಜ್ವರ ಬಿಟ್ಟ ತಮ್ಮ ಆಸ್ಪತ್ರೆಗೆ ಬಂದ. ಕಂಟ್ರಾಕ್ಟರ ಆಫೀಸಿನಲ್ಲಿ ಆ ಕಾಗದವನ್ನು ಯಾರೋ ಅವನಿಗೆ ಓದಿ ಹೇಳಿದ್ದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ.

“ನಾನಿಲ್ಲದಾಗ ಕುಡಿದೆಯಾ ಅಣ್ಣ?”

ಕಿವಿ ಕೇಳದೆ ಅವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ “ಇಲ್ಲ,” ಎಂದರು.

“ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದಾರೆ. ಬರೆದವರಿಗೆ ಹುಚ್ಚಾ?”

ಅವರು ನನ್ನ ಕಡೆ ನೋಡಿದರು. ಬರೆದವನು ನಾನೆಂದು ಅವರಿಗೆ ಆಗ ಗೊತ್ತಿತ್ತೋ ಇಲ್ಲವೋ ತಿಳಿಯದು. ಅಲ್ಲಿ ನಿಂತಿದ್ದವರಲ್ಲಿ ಹೌದು ಅಲ್ಲ ಎನ್ನಬಲ್ಲವನು ನಾನೊಬ್ಬನೇ ಎಂದು ನೋಡಿದ್ದೂ ಇರಬಹುದು. ನಾನು ಕಿಟಕಿಯ ಕಡೆ ತಿರುಗಿದೆ. ತಮ್ಮ ಹೊರಟುಹೋದ. ಮುಂದೆ ಅವನು ಬೇರೆ ಮುಳುಗುಗಾರನಿಗೆ ಹಗ್ಗ ಹಿಡಿಯುತ್ತಿದ್ದನಂತೆ. ಅಣ್ಣನಿಗೆ ಒಂದು ಕಾರ್ಡೂ ಬರೆಯಲಿಲ್ಲ.

ಆಸ್ಪತ್ರೆಯಿಂದ ಹೊರಡುವ ದಿನ ಅವರ ಕೈಗೆ ಕಂಟ್ರಾಕ್ಟರಿಂದ ಒಂದು ಇಂಗ್ಲಿಷ್ ಕಾಗದ ಬಂತು. ಅದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದರು. “ಓದಿ ಹೇಳಿ ರೈಟ್ರೇ,” ಎಂದರು. ನಾನು ಓದಿದೆ. ನಿಮ್ಮ ಮೈ ಸರಿಯಿಲ್ಲದ ಕಾರಣ, ಕಿವಿ ಕೇಳದ ಕಾರಣ, ಇನ್ನು ಕೆಲಸ ಕೊಡಲಾಗುವುದಿಲ್ಲ. ಅಷ್ಟು ಓದಿದೆ. ನಡುವೆ ಒಂದು ಸಾಲು ಇತ್ತು, ಅದನ್ನು ಬಿಟ್ಟೆ.

“ಅಷ್ಟೆಯಾ?”

“ಅಷ್ಟೇ.”

ತಲೆಯನ್ನು ಬಲಕ್ಕೆ ಒತ್ತಿ, ಕಾಗದವನ್ನು ಮಡಚಿ ತಗಡಿನ ಡಬ್ಬಿಯಲ್ಲಿಟ್ಟುಕೊಂಡರು.

ಊರಿಗೆ ಹೋಗಲಿಲ್ಲ. ಬಣಕಲ್ಲಿಗೆ ಬಂದು ಸ್ಪ್ರೇ ಪಂಪು ರಿಪೇರಿಗೆ ಕೂತರು. ಕಾಫಿ ಗಿಡಕ್ಕೆ ಮೈಲುತುತ್ತು ಸುಣ್ಣದ ಔಷಧಿ ಹೊಡೆಯುವ ಪಂಪಿನೊಳಗೂ ಚರ್ಮದ ಬಿಲ್ಲೆಯೇ ಇರುವುದು. ಅವರು ಕತ್ತರಿಸಿ ಹರಳೆಣ್ಣೆಯಲ್ಲಿ ನೆನೆಹಾಕಿ ಕೂರಿಸಿದ ಬಿಲ್ಲೆ ಮೂರು ಮಳೆಗಾಲ ತಡೆಯುತ್ತಿತ್ತು. ಮೂಡಿಗೆರೆಯ ಆಚೆಯಿಂದಲೂ ಗಾಡಿಯಲ್ಲಿ ಪಂಪು ತರುತ್ತಿದ್ದರು. ಕೆಲವು ವರ್ಷದ ಮೇಲೆ ನಾನೂ ಬಣಕಲ್ ಹತ್ತಿರದ ಬೇರೆ ಎಸ್ಟೇಟಿಗೆ ಬಂದೆ. ಅವರಿಗಾಗಿ ಬಂದೆನೆಂದು ನನ್ನ ಹೆಂಡತಿಗೆ ಹೇಳಿದ್ದೆ. ಕ್ವಾರ್ಟರ್ಸಿನ ಹೆಂಚಿನ ಕೆಳಗೆ ನನಗೆ ನಿದ್ದೆ ಬರುತ್ತಿರಲಿಲ್ಲ ಎನ್ನುವುದು ಇನ್ನಷ್ಟು ನಿಜ.

ಜಡಿಮಳೆಯಲ್ಲೂ ಅವರು ಕಂಬಳಿ ಕೊಪ್ಪೆ ಹಾಕುತ್ತಿರಲಿಲ್ಲ. ತಲೆಯ ಮೇಲೆ ಏನು ಬಂದರೂ ಕಿತ್ತೆಸೆಯುವರು. ಚಳಿಯಲ್ಲಿ ಬಾಗಿಲು ತೆರೆದೇ ಮಲಗುವರು. ಒಮ್ಮೆ ನಮ್ಮ ಕಡೆಯ ದೊಡ್ಡ ಜಮೀನ್ದಾರರೊಬ್ಬರ ಕಾರು ಅಂಗಡಿ ಮುಂದೆ ನಿಂತಿತು. ಬೀದಿಯವರೆಲ್ಲ ಎದ್ದರು. ಇವರು ಪಂಪು ಬಿಚ್ಚಿಕೊಂಡು, ಬಾಯಲ್ಲಿ ಚರ್ಮ ಕಚ್ಚಿಕೊಂಡು ಕೂತೇ ಇದ್ದರು.

“ಧಣಿ ಬಂದಿದಾರೆ, ಏಳ್ರಿ ಹಂಡೆಯೋರೇ!” ಎಂದು ಪಕ್ಕದ ಅಂಗಡಿಯವನು ಕೈ ಬಾಯಿ ಸನ್ನೆ ಮಾಡಿದ.

“ಪಂಪಿಗೆ ಕೂತವ ಏಳುವುದಿಲ್ಲ,” ಎಂದರು. “ಎದ್ದವರನ್ನು ನಾನು ನೋಡಿದ್ದೇನೆ.”

ಬೆಳಿಗ್ಗೆಯೇ ಏರಿಸಿದ್ದಾನೆ ಎಂದು ಬೀದಿಯವರು ನಕ್ಕರು. ನಾನು ಅಲ್ಲೇ ಇದ್ದೆ. ನಾನು ಎದ್ದು ನಿಂತಿದ್ದೆ.

ನಾನು ಹಳೆಯ ಎಸ್ಟೇಟಿನಲ್ಲಿದ್ದಾಗಿನಿಂದಲೇ, ಪ್ರತಿ ವರ್ಷ ಕಾಫಿ ಹೂ ಬಿಟ್ಟ ಮೇಲೆ ಒಂದು ದಿನ ನನ್ನನ್ನು ಕರೆಸುತ್ತಿದ್ದರು. ಮೊದಲು ಕಾಫಿ ಕೊಡುವರು. ಆಮೇಲೆ ಡಬ್ಬಿ ತೆಗೆದು, “ಆ ಕಾಗದ ಇನ್ನೊಮ್ಮೆ ಓದಿ ರೈಟ್ರೇ,” ಎನ್ನುವರು. ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಕೂರುವರು. ನಾನು ಓದುವೆ. ಅದೇ ಜಾಗದಲ್ಲಿ ಅದೇ ಸಾಲು ಬಿಡುವೆ. “ಅಷ್ಟೆಯಾ?” “ಅಷ್ಟೇ.” ಹನ್ನೆರಡು ವರ್ಷ. ಮತ್ತೆ ಕೆಲಸ ಸಿಗುವ ಮಾತೇನಾದರೂ ಅದರಲ್ಲಿ ಅಡಗಿದೆಯೋ ಎಂಬ ಆಸೆಯೆಂದು ತಿಳಿದು ನಾನು ಮರುಗುತ್ತಿದ್ದೆ. ಒಂದೊಂದು ವರ್ಷ ಸಿಟ್ಟೂ ಬರುತ್ತಿತ್ತು. ಮುಗಿದದ್ದನ್ನು ಯಾಕೆ ಕೆದಕುತ್ತಾರೆ ಈ ಮನುಷ್ಯ ಎಂದು.

ಈ ವರ್ಷವೂ ಕರೆಸಿದರು. ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದರು. ಸೀಳಿದ ತಿದಿಯ ಹಾಗೆ ಎದೆ ಸದ್ದು ಮಾಡುತ್ತಿತ್ತು. ತ್ರಾಣವಿಲ್ಲದೆ ಡಬ್ಬಿಯ ಕಡೆ ಬೆರಳು ತೋರಿಸಿದರು. ನಡು ಮಧ್ಯಾಹ್ನ, ಬಾಗಿಲು ತೆರೆದಿತ್ತು, ಹೊರಗೆಲ್ಲ ಹೂವಿನ ವಾಸನೆ. ನಾನು ಓದಿದೆ. ಆ ಜಾಗ ಬಂದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾಲಗೆಯ ತುದಿಗೆ ಬಂತು. ಸಾಯುವವರ ಮನಸ್ಸನ್ನು ನೋಯಿಸುವುದೇಕೆ ಎಂದು ನನಗೆ ನಾನೇ ಹೇಳಿಕೊಂಡು, ದಾಟಿ ಮುಂದೆ ಹೋದೆ.

ಈ ಸಲ ಅಷ್ಟೆಯಾ ಎಂದು ಅವರು ಕೇಳಲಿಲ್ಲ. ತಲೆಯನ್ನು ನಿಧಾನವಾಗಿ ಬಲಕ್ಕೆ ಒತ್ತಿದರು. ಮಾರನೆಯ ದಿನ ಹೋದರು.

ತಮ್ಮ ಬಂದುಹೋದ ಸಂಜೆ, ಡಬ್ಬಿಯನ್ನು ಅವನಿಗೆ ಅಂಚೆಯಲ್ಲಾದರೂ ಕಳಿಸೋಣವೆಂದು ಪೋಸ್ಟಾಫೀಸಿಗೆ ಹೋದೆ. ಬಣಕಲ್ಲಿನ ಪೋಸ್ಟ್ ಮಾಸ್ಟರು ಆ ಕಾಲದಲ್ಲಿ ಕಳಸದಲ್ಲಿದ್ದವರು. ಕಾಗದವನ್ನು ತಿರುಗಿಸಿ ನೋಡಿದರು.

“ಇನ್ನೂ ಇಟ್ಕೊಂಡಿದ್ರಾ ಇದನ್ನ? ಬಂದ ದಿನ ನಾನೇ ಅಲ್ವಾ ಓದಿ ಹೇಳಿದ್ದು.”

“ಪೂರ್ತಿನಾ?” ಎಂದೆ.

“ಪೂರ್ತಿ ಅಲ್ದೆ ಅರ್ಧ ಓದ್ತಾರಾ ಯಾರಾದ್ರೂ? ಹೆಂಡದ ಸಾಲು ಮಾತ್ರ ಮೂರು ಸಲ ಓದಿಸಿದ್ರು. ಆಮೇಲೆ, ‘ಸರಿ, ಇದನ್ನ ರೈಟ್ರ ಹತ್ರ ಒಮ್ಮೆ ಓದಿಸ್ತೇನೆ, ಅವರಿಗೆ ಗೊತ್ತುಂಟು’ ಅಂತ ಹೋದ್ರು. ಯಾಕೆ, ನೀವು ಓದಿ ಹೇಳ್ಲಿಲ್ವಾ?”

ಮೊದಲ ದಿನ ನನ್ನ ಮನೆಗೆ ಬಂದಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಹನ್ನೆರಡು ವರ್ಷ, ಹನ್ನೆರಡು ಸಲ, ಅವರು ಹಗ್ಗದ ಆ ತುದಿಯಿಂದ ಜಗ್ಗಿ ಕಾದರು. ನಾನು ಕಾಲಿನಡಿ ಮೆಟ್ಟಿಕೊಂಡು ನಿಂತಿದ್ದೆ.

ಡಬ್ಬಿಯನ್ನು ವಾಪಸ್ಸು ತಂದಿದ್ದೇನೆ. ತಮ್ಮನಿಗೆ ಕನ್ನಡ ಓದಲು ಬರುತ್ತದೆ. ಈ ಬರಹದ ಜೊತೆಗೇ ಡಬ್ಬಿ ಹೋಗಬೇಕು. ಬಿಟ್ಟ ಸಾಲನ್ನು ಈಗ ಓದುತ್ತೇನೆ:

“ಎಸ್ಟೇಟಿನವರು ಬರೆದು ತಿಳಿಸಿರುವಂತೆ ನೀವು ಅಂದು ಬೆಳಿಗ್ಗೆ ಹೆಂಡ ಕುಡಿದು ನೀರಿಗೆ ಇಳಿದಿರಿ, ಅಂಥವರ ಕೈಗೆ ನಮ್ಮ ಉಡುಪನ್ನು ಇನ್ನು ಕೊಡಲಾಗದು.”

ಎಸ್ಟೇಟಿನವರು ಎಂದರೆ ನಾನು. ಅಂದು ಬೆಳಿಗ್ಗೆ ಅವರು ಕುಡಿದದ್ದು ಒಂದು ಲೋಟ ಗಂಜಿತಿಳಿ, ಉಪ್ಪು ಹಾಕಿದ್ದು. ಕುಡಿದು ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕೆಳಗಿಟ್ಟ ಮೇಲೆ, ಅದೇ ಕೈಗೆ ಹಗ್ಗ ಕೊಟ್ಟರು.